ಹಿತ್ತಲ ಹಕ್ಕಿಗೆ ಎಷ್ಟು ತೂಕದ ದುರ್ಬೀನು?

— ನಾಗಮಂಗಲದ ಅಳಿಯಂದಿರು, ‘ತಗೊಂಡ್ರೆ 10×50 ತಗೊಳ್ಳಿ ಅತ್ತೆ, ಇಲ್ಲದಿದ್ರೆ ಬೇಡವೇ ಬೇಡ’ ಅಂತಾರೆ. ಮಗ ಬೆಂಗಳೂರಿಂದ 20ರದ್ದು ಒಂದರ ಫೋಟೋ ಕಳಿಸಿದಾನೆ. ನಿನ್ನ ಕೊರಳಲ್ಲಿ ನೋಡಿದ್ರೆ ಇಷ್ಟು ಚಿಕ್ಕದು. ನಾನು ಯಾರ ಮಾತು ಕೇಳ್ಲಪ್ಪ?

— ಯಾರ ಮಾತೂ ಬೇಡ ಚಿಕ್ಕಮ್ಮ. ನೀವು ಎಲ್ಲಿ ಕೂತು ಏನನ್ನ ನೋಡ್ತೀರಿ, ಅದನ್ನ ಹೇಳಿ. ಮಿಕ್ಕಿದ್ದು ತಾನಾಗಿ ತೀರ್ಮಾನ ಆಗುತ್ತೆ.

— ನಾನು ನೋಡೋದು ಹಿತ್ತಲೇ ಕಣೋ, ಇನ್ನೇನು. ಈ ಜಗಲಿ ಮೇಲೆ ಕೂತ್ರೆ ಎದುರಿಗೆ ಗಸಗಸೆ ಹಣ್ಣಿನ ಮರ, ಕಿಟಕಿ ಪಕ್ಕ ದಾಸವಾಳ, ಆಚೆಗೆ ನುಗ್ಗೆ, ಬೇಲಿ ದಾಟಿದ್ರೆ ತೆಂಗು. ಬೆಳಕು ಹರಿಯೋ ಹೊತ್ತಿಗೆ ಆ ಗಸಗಸೆ ಮರಕ್ಕೆ ಏನೇನೋ ಬರುತ್ತೆ. ಗೊರವಂಕ, ಪಿಕಳಾರ, ಕುಟುರ ಇವೆಲ್ಲ ಗೊತ್ತು. ಹೆಬ್ಬೆರಳು ಗಾತ್ರದ್ದೊಂದು ಬಂದು ಹಣ್ಣಿಗೆ ಜೋತು ಬೀಳುತ್ತೆ ನೋಡು, ಅದು ಯಾವುದು ಅಂತ ಇವತ್ತಿಗೂ ತಿಳೀಲಿಲ್ಲ.

— ಬದನಿಕೆ ಹಕ್ಕಿ ಇರಬೇಕು. ಕೊಕ್ಕಿನಿಂದ ಬಾಲದವರೆಗೆ ಎಂಟು ಸೆಂಟಿಮೀಟರ್ ಅಷ್ಟೇ. ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಅದೂ ಒಂದು. ಮಾವಿನ ಮರದ ಮೇಲೆ ಬೆಳೆಯೋ ಬದನಿಕೆಯ ಹಣ್ಣು ತಿಂದು, ಬೀಜವನ್ನ ಕೊಂಬೆಗೆ ಅಂಟಿಸಿ ಹೋಗುತ್ತೆ. ಗಸಗಸೆ ಹಣ್ಣು ಅಂದ್ರೂ ಅದಕ್ಕೆ ಪ್ರಾಣ. ಸರಿ, ಇಲ್ಲಿಂದ ಆ ಮರಕ್ಕೆ ಎಷ್ಟು ದೂರ ಇದ್ದೀತು?

— ನಲವತ್ತಡಿ ಅನ್ನು. ದಾಸವಾಳ ಎಂಟ್ಹತ್ತಡಿ.

— ಈಗ ಲೆಕ್ಕ ಹಾಕಿ. ದುರ್ಬೀನಿನ ಮೇಲೆ ಬರೆದಿರೋ ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತರುತ್ತೆ ಅನ್ನೋದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಎಂಟರದ್ದು ಹಿಡಿದ್ರೆ ನಲವತ್ತಡಿ ಆಚೆಯ ಹಕ್ಕಿ ಐದಡಿಯಲ್ಲಿ ಕೂತ ಹಾಗೆ ಕಾಣುತ್ತೆ. ಹತ್ತರದ್ದಕ್ಕೆ ನಾಲ್ಕಡಿ. ನಿಮ್ಮ ಅಳಿಯಂದಿರು ಜಾಸ್ತಿ ಕೊಡಿಸ್ತಿರೋದು ಒಂದೇ ಒಂದು ಅಡಿ.

— ಒಂದಡಿ ಹತ್ತಿರ ಬಂದ್ರೂ ಲಾಭ ತಾನೆ?

— ಆ ಒಂದಡಿಗೆ ಏನೇನು ತೆರಬೇಕು ನೋಡಿ. ಹಕ್ಕಿ ಹತ್ತು ಪಟ್ಟು ದೊಡ್ಡದಾದ್ರೆ ಕೈನಡುಕವೂ ಹತ್ತು ಪಟ್ಟು ದೊಡ್ಡದಾಗುತ್ತೆ. ಎಷ್ಟೇ ಗಟ್ಟಿ ಕೈ ಇರಲಿ, ಉಸಿರಾಟಕ್ಕೆ, ನಾಡಿಬಡಿತಕ್ಕೆ ಚಿತ್ರ ಅಲ್ಲಾಡುತ್ತೆ. ಮಗ ಕಳಿಸಿದ 20ರದ್ದನ್ನ ಸ್ಟ್ಯಾಂಡ್ ಇಲ್ಲದೆ ಹಿಡಿಯೋಕೇ ಆಗಲ್ಲ. ಎರಡನೆಯದು, ಕಾಣೋ ಜಾಗ ಕಿರಿದಾಗುತ್ತೆ. ಸಾಮಾನ್ಯವಾಗಿ ಎಂಟರದ್ದರಲ್ಲಿ ನಿಮ್ಮ ಗಸಗಸೆ ಮರದ ಐದಡಿ ಅಗಲ ಒಂದೇ ನೋಟಕ್ಕೆ ಸಿಗುತ್ತೆ, ಹತ್ತರದ್ದರಲ್ಲಿ ನಾಲ್ಕಡಿ. ಬದನಿಕೆ ಹಕ್ಕಿ, ಸಿಂಪಿಗ, ಎಲೆ ಉಲಿಯಕ್ಕಿ ಒಂದು ಕಡೆ ಕೂರೋ ಪೈಕಿ ಅಲ್ಲ. ಕಿರಿದಾದ ಕಿಂಡಿಯಲ್ಲಿ ಹುಡುಕೋಷ್ಟರಲ್ಲಿ ಅವು ಮೂರು ಕೊಂಬೆ ದಾಟಿರುತ್ತವೆ. ಮೂರನೆಯದು ತೂಕ. ನಿಮಗೆ ಅದೇ ಮುಖ್ಯ ಅಂತ ನನಗನ್ನಿಸೋದು.

— ಹೌದಪ್ಪ, ಈ ಕತ್ತುನೋವು ಬಂದಾಗಿನಿಂದ ಒಂದು ಕೊಡ ನೀರೆತ್ತೋಕೂ ಯೋಚನೆ ಮಾಡ್ತೀನಿ.

— ಸಾಧಾರಣ 10×50 ಅಂದ್ರೆ ಒಂಬೈನೂರು ಗ್ರಾಂ, ಹೆಚ್ಚುಕಮ್ಮಿ ಒಂದು ಕೆಜಿ ಬೆಲ್ಲವನ್ನ ಕೊರಳಿಗೆ ಕಟ್ಟಿಕೊಂಡ ಹಾಗೆ. 8×42 ಆರುನೂರರಿಂದ ಏಳುನೂರು. 8×32 ಅಥವಾ 8×30 ಐದುನೂರರ ಆಸುಪಾಸು. ಜೇಬಿಗೆ ಹೋಗೋ 8×25 ಮುನ್ನೂರು. ಎತ್ತಿ ಹಿಡಿದ ಮೊದಲ ಅರ್ಧ ನಿಮಿಷ ಎಲ್ಲವೂ ಒಂದೇ ಅನ್ನಿಸುತ್ತೆ. ಎರಡನೇ ನಿಮಿಷಕ್ಕೆ ಭುಜ ಹೇಳೋಕೆ ಶುರು ಮಾಡುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಭಾರದ್ದನ್ನ ಯಾರೂ ಕೊರಳಲ್ಲಿ ಹಾಕ್ಕೊಂಡಿರಲ್ಲ, ಬೀರುವಿನಲ್ಲಿ ಇಡ್ತಾರೆ. ಹಕ್ಕಿ ಬಂದ ಮೇಲೆ ಬೀರು ತೆಗೆದ್ರೆ ಏನು ಬಂತು? ಹಗುರವಾದದ್ದು ತರಕಾರಿ ಹೆಚ್ಚೋವಾಗಲೂ ಕೊರಳಲ್ಲೇ ಇರುತ್ತೆ. ಹಿತ್ತಲಿನವರಿಗೆ ಗಾಜಿನ ಗುಣದಷ್ಟೇ ದೊಡ್ಡ ಗುಣ ಅದು ಅಂತ ನಾನು ನಂಬಿದೀನಿ.

— ಹಾಗಾದ್ರೆ ಎಲ್ಲರೂ ಯಾಕೆ ದೊಡ್ಡದೇ ಬೇಕು ಅಂತಾರೆ?

— ನಮ್ಮ ಸೀಮೆಯಲ್ಲಿ ಹಕ್ಕಿ ಅಂದ ಕೂಡಲೇ ರಂಗನತಿಟ್ಟು ಕಣ್ಮುಂದೆ ಬರುತ್ತೆ, ಅದಕ್ಕೆ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದ್ರು, ನೀರು ನಿಂತು ನಡುಗಡ್ಡೆಗಳಾದ್ವು. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಆ ನಡುಗಡ್ಡೆಗಳಲ್ಲಿ ಗೂಡು ಕಟ್ಟೋ ಕೊಕ್ಕರೆಗಳನ್ನ ನೋಡಿ ಅರಸರಿಗೆ ಹೇಳಿದ್ರು, 1940ರಲ್ಲಿ ಪಕ್ಷಿಧಾಮ ಆಯ್ತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ನನ್ನಂಥವರಿಗೆ ಹಕ್ಕಿಯ ಅಕ್ಷರಾಭ್ಯಾಸ ಆದದ್ದೇ ಅಲ್ಲಿ. ಅಲ್ಲಿಗೆ ಹೋಗಿಬಂದವರಿಗೆ, ಹಕ್ಕಿ ಅಂದ್ರೆ ನೀರಿನಾಚೆ ದೂರದಲ್ಲಿ ಕೂತಿರೋ ದೊಡ್ಡ ಜೀವ, ಅದನ್ನ ನೋಡೋಕೆ ದೊಡ್ಡ ಕೊಳವೆ ಬೇಕು ಅನ್ನೋ ಭಾವನೆ ಬಂದುಬಿಡುತ್ತೆ. ನಿಜ ಹೇಳಬೇಕಂದ್ರೆ ಅಲ್ಲೂ ಅದು ಬೇಡ. ದೋಣಿ ನಡುಗಡ್ಡೆಯ ಮಗ್ಗುಲಲ್ಲೇ ಹೋಗುತ್ತೆ, ಹೆಜ್ಜಾರ್ಲೆಯ ಗಂಟಲಚೀಲ ಬರಿಗಣ್ಣಿಗೇ ಕಾಣುತ್ತೆ. ಜೊತೆಗೆ ದೋಣಿ ಓಲಾಡುತ್ತೆ. ಓಲಾಡೋ ದೋಣಿಯಲ್ಲಿ ಹತ್ತಕ್ಕಿಂತ ಎಂಟೇ ಸುಖ.

— ಹೋದ ವರ್ಷ ನಾವೆಲ್ಲ ಹೋಗಿದ್ದಾಗ ಅಳಿಯಂದಿರದ್ದನ್ನ ಇಸ್ಕೊಂಡು ನೋಡಿದ್ದೆ. ನೀರಮೇಲಿನದ್ದು ಕಾಣಿಸ್ತು. ಅದನ್ನೇ ಇಲ್ಲಿ ಈ ದಾಸವಾಳದ ಕಡೆ ಹಿಡಿದ್ರೆ ಬರೀ ಮಬ್ಬು. ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ.

— ನಿಮ್ಮ ಕಣ್ಣಿನದೇನೂ ತಪ್ಪಿಲ್ಲ ಚಿಕ್ಕಮ್ಮ. ಪ್ರತಿ ದುರ್ಬೀನಿಗೂ ಇಷ್ಟಕ್ಕಿಂತ ಹತ್ತಿರದ್ದು ಕಾಣಲ್ಲ ಅಂತ ಒಂದು ಗಡಿ ಇರುತ್ತೆ. 10×50ಗಳಲ್ಲಿ ಕೆಲವಕ್ಕೆ ಆ ಗಡಿ ಏಳು ಮೀಟರ್, ಅಂದ್ರೆ ಇಪ್ಪತ್ತಮೂರು ಅಡಿ. ನಿಮ್ಮ ದಾಸವಾಳ ಇರೋದೇ ಹತ್ತಡಿಯಲ್ಲಿ. ಎಷ್ಟು ತಿರುಗಿಸಿದ್ರೂ ಅದು ಮಬ್ಬೇ. ದೂರದ್ದನ್ನ ತೋರಿಸೋಕೆ ಮಾಡಿದ್ದು ಹತ್ತಿರದ್ದನ್ನ ತೋರಿಸಲಾರದು. ಹಿತ್ತಲಿಗೆ ಎರಡು ಮೀಟರಿನವರೆಗೆ ಸ್ಪಷ್ಟವಾಗಿ ಕಾಣೋದು ಬೇಕು, ಹೆಚ್ಚಂದ್ರೆ ಎರಡೂವರೆ. ಅಂಗಡಿಯಲ್ಲಿ ಇದನ್ನ ಪರೀಕ್ಷೆ ಮಾಡೋದು ಸುಲಭ. ಎರಡು ಹೆಜ್ಜೆ ಆಚೆ ನೆಲದ ಮೇಲೆ ಒಂದು ಹಳೇ ಪೇಪರ್ ಇಟ್ಟು ನಿಂತಲ್ಲಿಂದಲೇ ಅಕ್ಷರ ಓದಿ. ಓದೋಕೆ ಬಂದ್ರೆ ಮುಂದಿನ ಮಾತು. ಪೆಂಟಾಕ್ಸ್‌ನವರ ಪಪಿಲಿಯೋ ಅಂತ ಒಂದಿದೆ, 6.5×21, ತೂಕ ಮುನ್ನೂರು ಗ್ರಾಂ ಒಳಗೆ. ಅರ್ಧ ಮೀಟರಿನಲ್ಲಿರೋ ಚಿಟ್ಟೆಯ ರೆಕ್ಕೆ ಪುಡಿಯನ್ನೂ ತೋರಿಸುತ್ತೆ. ಹೂವು, ಚಿಟ್ಟೆ, ಸೂರಕ್ಕಿ ಮಾತ್ರ ಸಾಕು ಅನ್ನೋರಿಗೆ ಅದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ. ನಿಮಗೆ ಮುಂಜಾನೆಯ ಗಸಗಸೆ ಮರವೂ ಬೇಕಲ್ಲ, ಬೆಳಕು ಸಾಲಲ್ಲ.

— ಬೆಳಕು ಸಾಲೋದು ಸಾಲದಿರೋದು ಹೇಗೆ ಗೊತ್ತಾಗುತ್ತೆ?

— ಇಗೋ, ಇದನ್ನ ಕಣ್ಣಿಗೆ ಹಿಡೀಬೇಡಿ, ತೋಳುದ್ದ ದೂರ ಹಿಡಿದು ಆಕಾಶದ ಕಡೆ ತೋರಿಸಿ. ಕಣ್ಣಿಡೋ ಗಾಜಿನಲ್ಲಿ ಒಂದು ಬೆಳ್ಳನೆ ಬಿಲ್ಲೆ ಕಾಣುತ್ತಾ? ದುರ್ಬೀನಿನ ಬೆಳಕೆಲ್ಲ ಆ ಬಿಲ್ಲೆ ಮೂಲಕವೇ ನಿಮ್ಮ ಕಣ್ಣಿಗೆ ಬರಬೇಕು. ಎರಡನೇ ಅಂಕಿಯನ್ನ ಮೊದಲನೆಯದರಿಂದ ಭಾಗಿಸಿದ್ರೆ ಅದರ ಅಗಲ. ಇದು 8×32, ಹಾಗಾಗಿ 4 ಮಿಲಿಮೀಟರ್. 8×25ಕ್ಕೆ ಮೂರು ಚಿಲ್ಲರೆ. 10×25ಕ್ಕೆ ಎರಡೂವರೆ. ನಡು ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್ ಮಾತ್ರ ತೆರೆದಿರುತ್ತೆ, ಆಗ ಯಾವುದಾದ್ರೂ ನಡೆಯುತ್ತೆ. ಬೆಳಗಿನ ಆರೂಕಾಲಿಗೆ ಮರದ ನೆರಳಲ್ಲಿ ಪಾಪೆ ಅಗಲವಾಗಿ ತೆರೆಯುತ್ತೆ. ಆಗ ಚಿಕ್ಕ ಬಿಲ್ಲೆಯದ್ದು ಮಂಕಾಗುತ್ತೆ, ಕಣ್ಣನ್ನ ಸರಿಯಾಗಿ ಅದಕ್ಕೆ ಕೂಡಿಸೋದೂ ಕಷ್ಟ. ಹುಡುಗರ ಪಾಪೆ ಕತ್ತಲಲ್ಲಿ ಏಳು ಮಿಲಿಮೀಟರ್‌ವರೆಗೂ ಅರಳುತ್ತೆ. ಅರವತ್ತು ದಾಟಿದವರದ್ದು ನಾಲ್ಕೈದಕ್ಕೆ ನಿಂತುಬಿಡುತ್ತೆ. ಅಂದ ಮೇಲೆ ಹಡಗಿನವರು ಹಿಡಿಯೋ 7×50ರ ಏಳು ಮಿಲಿಮೀಟರ್ ಬಿಲ್ಲೆಗೆ ನೀವು ದುಡ್ಡು ಕೊಟ್ಟು, ಭಾರ ಹೊತ್ತು, ಅರ್ಧ ಬೆಳಕನ್ನ ಹೊರಗೇ ಚೆಲ್ಲಬೇಕಾಗುತ್ತೆ. ನಾಲ್ಕು ನಿಮ್ಮ ಕಣ್ಣಿಗೆ ಹೇಳಿ ಮಾಡಿಸಿದ ಅಳತೆ.

— ಕನ್ನಡಕ ತೆಗೀಬೇಕೋ?

— ಬೇಡ, ಹಾಕ್ಕೊಂಡೇ ನೋಡಿ. ತೆಗೆದು ಹಾಕೋಷ್ಟರಲ್ಲಿ ಹಕ್ಕಿ ಹೋಗಿರುತ್ತೆ. ಈ ರಬ್ಬರ್ ಬಳೆ ಇದೆಯಲ್ಲ, ಇದನ್ನ ತಿರುಗಿಸಿ ಪೂರ್ತಿ ಒಳಗೆ ಇಳಿಸಿ. ಕನ್ನಡಕದವರ ಕಣ್ಣು ಗಾಜಿನಿಂದ ಸ್ವಲ್ಪ ಹಿಂದೆ ಉಳಿಯುತ್ತೆ. ಅಷ್ಟು ದೂರದಿಂದಲೂ ಚಿತ್ರ ಪೂರ್ತಿ ಕಾಣಬೇಕಂದ್ರೆ ‘ಐ ರಿಲೀಫ್’ ಅಂತ ಬರೆದಿರೋ ಕಡೆ 15, 16 ಮಿಲಿಮೀಟರ್ ಇರಬೇಕು. ಹತ್ತು ಹನ್ನೊಂದು ಇದ್ರೆ ಬೀಗದ ಕಿಂಡಿಯಲ್ಲಿ ನೋಡಿದ ಹಾಗೆ ಸುತ್ತಲೂ ಕಪ್ಪು. ಪೆಟ್ಟಿಗೆ ಮೇಲೆ ಏನೇ ಬರೆದಿರಲಿ, ನಿಮ್ಮದೇ ಕನ್ನಡಕ ಹಾಕ್ಕೊಂಡು ನೋಡದೆ ಕೊಳ್ಳಬಾರದು. ನಿಮ್ಮದು ಎರಡು ಪವರ್‌ನ ಕನ್ನಡಕ, ಮೇಲಿನ ಭಾಗದಲ್ಲಿ ನೋಡಿ. ಈಗ ಎರಡೂ ಕೊಳವೆಯನ್ನ ಮಡಿಸಿ ಬಿಚ್ಚಿ, ಎರಡು ವೃತ್ತ ಒಂದಾಗೋವರೆಗೆ.

— ಆಯ್ತು. ಆದ್ರೂ ಬಲಗಣ್ಣಿಗೆ ಒಂಚೂರು ಮಸುಕು.

— ಅದನ್ನೇ ಈಗ ಸರಿಮಾಡೋದು. ತೆಂಗಿನ ಗರಿಯ ಅಂಚನ್ನ ಗುರಿ ಇಡಿ. ಬಲಗಡೆ ಗಾಜನ್ನ ಅಂಗೈಯಿಂದ ಮುಚ್ಚಿ, ಎಡಗಣ್ಣಲ್ಲಿ ಮಾತ್ರ ನೋಡ್ತಾ ನಡುವಿನ ಚಕ್ರ ತಿರುಗಿಸಿ, ಗರಿ ಕೂದಲೆಳೆ ಹಾಗೆ ಕಾಣೋವರೆಗೆ. ಈಗ ಎಡಗಡೆ ಮುಚ್ಚಿ. ನಡುವಿನ ಚಕ್ರ ಮುಟ್ಟಬೇಡಿ, ಬಲಗಣ್ಣಿನ ಬುಡದಲ್ಲಿರೋ ಈ ಸಣ್ಣ ಬಳೆ ಮಾತ್ರ ತಿರುಗಿಸಿ. ಅದೇ ಗರಿ ಅಷ್ಟೇ ಚೂಪಾಗಬೇಕು. ಆಯ್ತಾ? ಇನ್ನು ಅದು ನಿಮ್ಮ ಅಳತೆ, ಗುರುತು ಎಲ್ಲಿದೆ ನೋಡಿ ನೆನಪಿಟ್ಕೊಳ್ಳಿ. ಇಷ್ಟು ಮಾಡದೆ ತಲೆನೋವು ಅಂತ ದುರ್ಬೀನನ್ನೇ ಬಿಟ್ಟವರು ಎಷ್ಟೋ ಜನ.

— ಅಯ್ಯೋ, ಗರಿ ಮೇಲಿನ ಧೂಳೂ ಕಾಣ್ತಿದೆಯಲ್ಲೋ!

— ಈಗ ದಾಸವಾಳಕ್ಕೆ ಬನ್ನಿ. ಮೊದಲು ಬರಿಗಣ್ಣಲ್ಲಿ ಹಕ್ಕಿ ನೋಡಿ. ಅದರಿಂದ ದೃಷ್ಟಿ ಕೀಳಬೇಡಿ, ಕೈಯನ್ನಷ್ಟೇ ಕಣ್ಣಿಗೆ ತನ್ನಿ. ತಲೆ ಬಗ್ಗಿಸಿ ದುರ್ಬೀನು ನೋಡಿದ್ರೆ ಹಕ್ಕಿ ತಪ್ಪಿತು. ಮೊಣಕೈ ಎರಡೂ ಪಕ್ಕೆಗೆ ಒತ್ತಿರಲಿ, ಬೆನ್ನು ಕಂಬಕ್ಕೆ ಒರಗಿರಲಿ.

— ಸಿಕ್ತು. ಹೂವಿನ ತೊಟ್ಟಿನ ಹತ್ತಿರ ಕೂತಿದೆ. ಹೊಟ್ಟೆ ಹಳದಿ, ಎದೆಗೆ ಅಡ್ಡಲಾಗಿ ಕೆಂಗಂದು ಪಟ್ಟಿ. ಬಗಲಲ್ಲಿ ಬಿಳಿ. ಹೂವಿನ ಬಾಯಿಗೆ ಹೋಗ್ಲೇ ಇಲ್ಲ, ಬುಡಕ್ಕೇ ತೂತು ಹೊಡೀತಿದೆ! ತಲೆ ಮೇಲೆ ಹಸಿರು ಇತ್ತು… ಈಗ ಇಲ್ಲ, ಕಪ್ಪಾಯ್ತು. ಮತ್ತೆ ಹಸಿರು!

— ಗಂಡು ಸೂರಕ್ಕಿ. ಆ ಹಸಿರು ಬಣ್ಣ ಹಚ್ಚಿದ್ದಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ಪದರಗಳು ಬೆಳಕನ್ನ ಒಡೆದು ಹಿಂದಕ್ಕೆ ಎಸೆಯೋದರಿಂದ ಆ ಹೊಳಪು. ಹಕ್ಕಿ ತಲೆ ಹೊರಳಿಸಿದ್ರೆ ಆರಿಹೋಗುತ್ತೆ. ಬರಿಗಣ್ಣಿಗೆ ಇದು ಕಪ್ಪು ತಲೆಯ ಹಕ್ಕಿ ಅಷ್ಟೇ. ಪಕ್ಕದಲ್ಲಿ ಹೆಣ್ಣಿದೆ ನೋಡಿ, ಗಂಟಲು ಬೂದುಬಿಳುಪು, ಎದೆ ಹಳದಿ. ಗಂಟಲಿಂದ ಹೊಟ್ಟೆವರೆಗೆ ಒಂದೇ ಸಮ ತಿಳಿಹಳದಿ ಇದ್ದಿದ್ರೆ ಅದು ಇನ್ನೊಂದು ಜಾತಿ, ನೇರಳೆ ಸೂರಕ್ಕಿಯ ಹೆಣ್ಣು. ನುಗ್ಗೆ ಹೂ ಬಿಟ್ಟಾಗ ಎರಡೂ ಒಟ್ಟಿಗೆ ಬರುತ್ತವೆ. ಈ ಒಂದು ಗಂಟಲಿನ ವ್ಯತ್ಯಾಸ ಕಾಣೋಕೆ ಹತ್ತಡಿಯಲ್ಲಿ ಚೂಪಾಗಿ ತೋರಿಸೋ ಹಗುರದ ಕೊಳವೆ ಸಾಕು. 20 ಪಟ್ಟು ಬೇಡ.

— ಇದು ಎಷ್ಟಾಗುತ್ತೋ?

— ಏಳೆಂಟು ಸಾವಿರದಿಂದ ಹದಿನೈದರವರೆಗೆ ಹಿತ್ತಲಿಗೆ ತಕ್ಕ ಒಳ್ಳೇದು ಸಿಗುತ್ತೆ. ಎರಡು ಬಗೆ ಇದೆ. ಕೊಳವೆ ನಡುವೆ ಮುರಿದು ಭುಜ ಅಗಲ ಇರೋದು ಪೊರೊ, 1854ರಲ್ಲಿ ಪೊರೊ ಅನ್ನೋ ಇಟಲಿಯವರು ಪೇಟೆಂಟ್ ತಗೊಂಡ ಪಟ್ಟಕದ ಜೋಡಣೆ. ಕಡಿಮೆ ದುಡ್ಡಿಗೆ ಅದರಷ್ಟು ಬೆಳಕು ಬೇರೆಯದರಲ್ಲಿ ಬರಲ್ಲ. ಆದ್ರೆ ತೂಕ, ಗಾತ್ರ ಹೆಚ್ಚು, ಮಳೆಗಾಲದ ತೇವಕ್ಕೆ ಅಷ್ಟಾಗಿ ತಡೆಯಲ್ಲ. ನೆಟ್ಟಗೆ ಕೊಳವೆ ಇರೋದು ರೂಫ್ ಪ್ರಿಸಂ. ಹಗುರ, ಒಳಗೆ ನೈಟ್ರೋಜನ್ ತುಂಬಿ ಮುಚ್ಚಿರೋದು ಸಿಗುತ್ತೆ, ಒಳಗಾಜಿಗೆ ಬೂಷ್ಟು ಹಿಡಿಯಲ್ಲ. ನಿಮಗೆ ಅದೇ ಸರಿ. ಗಾಜಿನ ಲೇಪ ‘ಫುಲ್ಲಿ ಮಲ್ಟಿ ಕೋಟೆಡ್’ ಅಂತ ಇರಬೇಕು. ಮುಂದಿನ ಗಾಜು ಮಾಣಿಕ್ಯದ ಹಾಗೆ ಕೆಂಪಗೆ ಹೊಳೀತಿದ್ರೆ ಮುಟ್ಟಬೇಡಿ, ಹಕ್ಕಿಯ ಬಣ್ಣವನ್ನೇ ಕೆಡಿಸುತ್ತೆ. ಜೂಮ್ ಆಗೋದೂ ಬೇಡ, ಚಕ್ರವೇ ಇಲ್ಲದ ‘ಫೋಕಸ್ ಫ್ರೀ’ಯೂ ಬೇಡ. ಜಾತ್ರೆಯಲ್ಲಿ ಎಂಟುನೂರಕ್ಕೆ ಮಾರೋದರ ಮೇಲೆ 30×60 ಅಂತ ಬರೆದಿರುತ್ತೆ, ಆ ಅಂಕಿ ನಂಬೋ ಹಾಗಿಲ್ಲ.

— ಪಾಂಡವಪುರದ ನಿಮ್ಮಮ್ಮನೂ ಒಂದು ಬೇಕು ಅಂತಿದ್ಲು. ಅವಳಿಗೂ ಇದೇನಾ?

— ಅಮ್ಮ ಒಂದು ಕಡೆ ಕೂರೋರಲ್ಲ. ಕುಂತಿಬೆಟ್ಟ ಹತ್ತಬೇಕು, ಮೇಲುಕೋಟೆಯ ಮೆಟ್ಟಿಲು ಹತ್ತಬೇಕು. ಆ ಬಂಡೆಗುಡ್ಡಗಳಲ್ಲಿ ಹಳದಿ ಕತ್ತಿನ ಪಿಕಳಾರ ಇದೆ, ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಬಂಡೆ ಸಂದಿನ ಪೊದೆಯಲ್ಲಿ ಕೂತು ಕೂಗುತ್ತೆ, ಮುಖ ತೋರಿಸೋಕೆ ಸತಾಯಿಸುತ್ತೆ. ಹತ್ತಿ ಸುಸ್ತಾದ ಕೈಗೆ ಮುನ್ನೂರು ಗ್ರಾಮಿನ 8×25 ಸಾಕು. ಅವರು ಬಿಸಿಲೇರಿದ ಮೇಲೇ ಹೊರಡೋದು, ಬೆಳಕಿಗೆ ತೊಂದರೆಯಿಲ್ಲ. ತೊಣ್ಣೂರು ಕೆರೆ ನಡುವೆ ಕೂತ ಬಾತುಗಳಿಗೆ ಮಾತ್ರ ನಮ್ಮ ಯಾವುದೂ ಸಾಲದು, ಅದಕ್ಕೆ ಸ್ಟ್ಯಾಂಡ್ ಮೇಲಿನ ಸ್ಪಾಟಿಂಗ್ ಸ್ಕೋಪೇ ಬೇಕು.

— ನಾಗಮಂಗಲದವರಿಗೆ ಏನು ಹೇಳ್ಲಿ? ಅಳಿಯಂದಿರು ಬೇಜಾರು ಮಾಡ್ಕೋತಾರೆ.

— ಅವರ ಜಾಗಕ್ಕೆ ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಅಲ್ಲಿ ಬಯಲು, ರಾಗಿ ಹೊಲ, ಮರ ಕಡಿಮೆ. ನೀಲಕಂಠ ಇನ್ನೂರು ಅಡಿ ಆಚೆಯ ಕರೆಂಟ್ ತಂತಿ ಮೇಲೆ ಕೂತಿರುತ್ತೆ, ಆದಿಚುಂಚನಗಿರಿಯ ನವಿಲು ದೂರದ ಬಂಡೆ ಮೇಲಿರುತ್ತೆ. ಅಂಥ ಕಡೆ ಹತ್ತು ಪಟ್ಟು ಉಪಯೋಗಕ್ಕೆ ಬರುತ್ತೆ. ಆದ್ರೂ 50 ಯಾಕೆ, ಬಟ್ಟಬಯಲಿನ ಬೆಳಕಿಗೆ 10×42 ಧಾರಾಳ, ಇನ್ನೂರು ಗ್ರಾಂ ಉಳಿಯುತ್ತೆ.

— ಗೂಡು ನೋಡಬಹುದಾ ಇದರಲ್ಲಿ? ನಿಂಬೆ ಗಿಡದಲ್ಲಿ ಸಿಂಪಿಗ ಎಲೆ ಹೊಲೀತಿದೆ.

— ಇಲ್ಲಿಂದಲೇ ನೋಡಿ, ಹತ್ತಿರ ಹೋಗಬೇಡಿ. ನಾವು ದಿನಾ ಹೋಗಿ ಬಗ್ಗಿ ನೋಡಿದ್ರೆ ಕಾಗೆ, ಕೆಂಬೂತ ನಮ್ಮನ್ನೇ ಗಮನಿಸ್ತಿರುತ್ತವೆ, ಮರಿ ಉಳಿಯಲ್ಲ. ಜಗಲಿಯಲ್ಲೇ ಕೂತು ಗೂಡನ್ನ ಕಾಯೋಕೆ ಆಗುತ್ತಲ್ಲ, ದುರ್ಬೀನಿನಿಂದ ಹಕ್ಕಿಗೆ ಆಗೋ ದೊಡ್ಡ ಉಪಕಾರ ಅದು. ಇನ್ನೊಂದು ಮಾತು, ಸೂರ್ಯನ ಕಡೆ ಯಾವತ್ತೂ ತಿರುಗಿಸಬಾರದು, ಕ್ಷಣದಲ್ಲಿ ಕಣ್ಣು ಹೋಗುತ್ತೆ. ಮೊಮ್ಮಕ್ಕಳ ಕೈಗೆ ಕೊಡೋ ಮುಂಚೆ ಹೇಳಿ. ಗಾಜನ್ನ ಸೆರಗಿನಲ್ಲಿ ಒರೆಸಬೇಡಿ. ಮೊದಲು ಧೂಳು ಊದಿ, ಆಮೇಲೆ ಕನ್ನಡಕದ ಬಟ್ಟೆ. ರಾತ್ರಿ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಲೆ ಇರೋ ಕೋಣೆ ಬೇಡ, ಒಗ್ಗರಣೆ ಹಬೆ ಗಾಜಿಗೆ ಜಿಡ್ಡು ಕಟ್ಟುತ್ತೆ. ಅದರ ಜೊತೆ ಬರೋ ದಾರದಂಥ ಪಟ್ಟಿ ಬಿಚ್ಚಿ ಹಾಕಿ, ಎರಡೂ ಭುಜಕ್ಕೆ ಬರೋ ಹಾರ್ನೆಸ್ ಹಾಕಿಸ್ತೀನಿ. ಕತ್ತಿನ ಮೇಲೆ ಒಂದು ಗ್ರಾಂ ಭಾರವೂ ಬೀಳಲ್ಲ.

— ಫೆಬ್ರವರಿಯಲ್ಲಿ ಅದೇನೋ ಎಣಿಸ್ತೀರಲ್ಲ, ಅಷ್ಟರಲ್ಲಿ ಬಂದ್ರೆ ಚೆನ್ನ.

— ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. 2013ರಿಂದ ನಮ್ಮ ದೇಶದವರೂ ಸೇರ್ತಿದಾರೆ. ನಾಲ್ಕು ದಿನ ನಡೆಯುತ್ತೆ, ಒಂದು ಸಲಕ್ಕೆ ಕನಿಷ್ಠ ಹದಿನೈದು ನಿಮಿಷ ಕೂತು ಕಂಡದ್ದೆಲ್ಲ ಬರೀಬೇಕು. ಎಲ್ಲರೂ ರಂಗನತಿಟ್ಟಿನಲ್ಲಿ ಕೊಕ್ಕರೆ ಎಣಿಸ್ತಾರೆ. ಕೆ.ಆರ್. ಪೇಟೆಯ ಹಿತ್ತಲಲ್ಲಿ ಎಷ್ಟು ಬದನಿಕೆ ಹಕ್ಕಿ ಇವೆ ಅಂತ ನೀವು ಹೇಳದಿದ್ರೆ ಇನ್ಯಾರು ಹೇಳಬೇಕು?

— ಹಾಗಾದ್ರೆ ನಾಡಿದ್ದೇ ಮೈಸೂರಿಗೆ ಹೋಗೋಣ. ಹತ್ತು ಗಂಟೆ ಬಸ್ಸಿಗೆ ಹೊರಟ್ರೆ ಮಧ್ಯಾಹ್ನಕ್ಕೆ ಮುಗಿಸ್ಕೊಂಡು ಬರಬಹುದು.

— ಮಧ್ಯಾಹ್ನ ಬೇಡ ಚಿಕ್ಕಮ್ಮ. ಆ ಬಿಸಿಲಲ್ಲಿ ಅಂಗಡಿ ಮುಂದೆ ನಿಂತು ನೋಡಿದ್ರೆ ಎರಡು ಸಾವಿರದ್ದೂ ಇಪ್ಪತ್ತು ಸಾವಿರದ್ದೂ ಒಂದೇ ಥರ ಕಾಣುತ್ತೆ. ಸಂಜೆ ಐದೂವರೆಗೆ ಅಲ್ಲಿರೋಣ. ಹೊತ್ತು ಇಳಿಯೋವಾಗ ಎದುರಿನ ಮರದ ನೆರಳಿಗೆ ಒಂದೊಂದನ್ನೇ ಹಿಡಿದು, ಎಲೆಗಳ ನಡುವಿನ ಕಡ್ಡಿ ಯಾವುದರಲ್ಲಿ ಕೊನೆಯವರೆಗೂ ಬಿಡಿಬಿಡಿಯಾಗಿ ಕಾಣುತ್ತೋ ಅದನ್ನ ತಗೊಳ್ಳೋಣ. ರಾತ್ರಿ ನಮ್ಮ ಮನೆಯಲ್ಲೇ ಉಳ್ಕೊಳ್ಳಿ.